ಭಾವನ ಬೆಟ್ಟದಲ್ಲಿ ಓಡಿಹೋದವರು

ಬಿಳಿಗಿರಿರಂಗಪ್ಪ ನಮ್ಮ ಸೋಲಿಗರಿಗೆ ಮೊದಲು ಭಾವ, ಆಮೇಲೆ ದೇವರು. ನಮ್ಮ ಸೋಲಿಗರವನೇ ಆದ ಬೊಮ್ಮೇಗೌಡನ ಏಳು ಹೆಣ್ಣುಮಕ್ಕಳಲ್ಲಿ ಕಿರಿಯವಳು ಕುಸುಮಾಲೆ. ಅವಳನ್ನು ಅವನು ಹೆಣ್ಣು ಕೇಳಿ ಮದುವೆಯಾದವನಲ್ಲ, ಕರೆದುಕೊಂಡು ಹೋದವನು. ಕಾಡು ಸುತ್ತಿ ಸುತ್ತಿ ಅವನ ಚಪ್ಪಲಿ ಸವೆಯುತ್ತದೆಂದು ಬೂದಿಪಡಗ ಎಂಬ ಊರಿನವರು ಹೊಲಿದು ಒಪ್ಪಿಸುವ ದೊಡ್ಡ ಚಪ್ಪಲಿ ಗುಡಿಯಲ್ಲಿದೆ; ಭಕ್ತರ ತಲೆಗೆ ಅದನ್ನೇ ಮುಟ್ಟಿಸುತ್ತಾರೆ. ಮನೆಯಲ್ಲಿ ನಿಲ್ಲದ ಗಂಡನನ್ನು ಬೈಯುತ್ತಲೇ ಮೆಚ್ಚಿಕೊಳ್ಳುವುದನ್ನು ನಮ್ಮ ಹೆಂಗಸರು ಅಲ್ಲಿಂದ ಕಲಿತಿರಬೇಕು. ನಮ್ಮವ್ವನಂತೂ ಚೆನ್ನಾಗಿ ಕಲಿತಿದ್ದಳು.

1974ರಲ್ಲಿ ನಮ್ಮ ಬಿಳಿಗಿರಿರಂಗನ ಬೆಟ್ಟದ ಕಾಡು ಅಭಯಾರಣ್ಯವಾಯಿತು. ಅದಕ್ಕೂ ಮುಂಚಿನ ಒಂದು ರೊಟ್ಟಿಹಬ್ಬದಲ್ಲಿ, ಗೊರುಕನ ಕುಣಿತ ನಡೆದಿರುವಾಗಲೇ, ಅಪ್ಪ ಅವ್ವ ಇಬ್ಬರೂ ಮಾಯ. ಬಂಡೆಯ ಸಂದಿನಲ್ಲಿ ಮಲಗಿ, ಗೆಣಸು ಅಗೆದು ಸುಟ್ಟು ತಿಂದು ದಿನ ಕಳೆದರಂತೆ. ನಮ್ಮಲ್ಲಿ ಇದು ಮಾನ ಹೋಗುವ ಮಾತಲ್ಲ. ಒಂದೇ ಕುಲದವರಾಗಿರಬಾರದು, ಅಷ್ಟೆ. ತಿರುಗಿ ಬಂದವರನ್ನು ಯಜಮಾನ ನ್ಯಾಯಕ್ಕೆ ಕೂರಿಸುತ್ತಾನೆ, ಗಂಡಿನ ಕಡೆಯವರು ದಂಡ ಕಟ್ಟುತ್ತಾರೆ, ಪೋಡಿನವರಿಗೆಲ್ಲ, ಅಂದರೆ ಹಾಡಿಯವರಿಗೆಲ್ಲ, ಊಟ ಹಾಕುತ್ತಾರೆ. ಅಲ್ಲಿಗೆ ಮದುವೆ ಮುಗಿಯಿತು. ಬಯಲುಸೀಮೆಯವರು ಹೆಣ್ಣಿನ ಮದುವೆಗೆ ಜಮೀನು ಅಡವಿಡುವುದನ್ನು ಕಂಡಾಗೆಲ್ಲ ನಮ್ಮ ಹಿರಿಯರು ಬುದ್ಧಿವಂತರೆನಿಸುತ್ತದೆ.

ಅಂದು ಕತ್ತಿ ಹಿಡಿದು ಅಪ್ಪನನ್ನು ಹುಡುಕಿದ್ದವನು ನನ್ನ ಸೋದರಮಾವ. ಮುಂದೆ ಅಪ್ಪ ಹೆಜ್ಜೇನು ಕೀಳಲು ಬಂಡೆಯಿಂದ ಇಳಿಯುವಾಗ ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದವನೂ ಅವನೇ. ಬೇರೆ ಯಾರ ಕೈಗೂ ಅಪ್ಪ ಹಗ್ಗ ಕೊಡುತ್ತಿರಲಿಲ್ಲ. “ತಂಗಿ ತಾಳಿ ಯಾರ ತಾನೆ ಕುಯ್ದಾರು?” ಎನ್ನುತ್ತಿದ್ದ. ಜೇನು ಕೀಳಲು ಕತ್ತಲ ರಾತ್ರಿಯೇ ಆಗಬೇಕು. ಹಸಿಸೊಪ್ಪಿನ ಕಟ್ಟಿಗೆ ಬೆಂಕಿ ತಾಗಿಸಿ ಎರಿಯ ಮೇಲೆ ಒರೆಸಿದರೆ ಕಿಡಿಗಳು ಉದುರುತ್ತವೆ. ಹುಳುಗಳು ಕಿಡಿಯ ಹಿಂದೆ ಕೆಳಕ್ಕೆ ಹಾರುತ್ತವೆ. ಅಷ್ಟರಲ್ಲಿ ತುಪ್ಪದ ಭಾಗವನ್ನಷ್ಟೇ ಕೊಯ್ದು ಬುಟ್ಟಿಗಿಳಿಸಬೇಕು, ಮರಿ ಇರುವ ಎರಿ ಬಿಡಬೇಕು. ಈ ಕೆಲಸದ ಉದ್ದಕ್ಕೂ ಅಪ್ಪ ಹುಳುಗಳಿಗೆ ಹಾಡು ಹೇಳುತ್ತಿದ್ದ. ನೆಲದ ಹತ್ತಿರ ಕಟ್ಟಿದ ಹುಟ್ಟನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಹುಲಿ ನಮ್ಮಂತೆ ಮರ ಹತ್ತುವುದಿಲ್ಲವಲ್ಲ, ಅದರ ಪಾಲು ಅದು ಎನ್ನುತ್ತಿದ್ದ.

ಗಿರಿಜನರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಜೇನು ಹಾಕಿ ಬಂದ ದುಡ್ಡು ಮನೆಗೆ ಪೂರ್ತಿ ಮುಟ್ಟಿದ್ದು ನನಗೆ ನೆನಪಿಲ್ಲ. ದಾರಿಯಲ್ಲಿ ಯಾರಿಗೋ ಕಷ್ಟ, ಇಲ್ಲವೆ ಯಾವುದೋ ಪೋಡಿನಲ್ಲಿ ಹಬ್ಬ. ಒಮ್ಮೆ ಅಕ್ಕಿ ತರುತ್ತೇನೆಂದು ಯಳಂದೂರಿಗೆ ಇಳಿದವನು ಹೆಗಲ ಮೇಲೆ ನಾಯಿಮರಿ ಕೂರಿಸಿಕೊಂಡು ಬಂದ. ಅವ್ವ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ನಾಯಿಗೂ ಹಿಟ್ಟು ಹಾಕಿದಳು.

ಅಭಯಾರಣ್ಯವಾದ ಮೇಲೆ ಬೇಟೆ ನಿಂತಿತು, ಕಾಡು ಕಡಿದು ರಾಗಿ ಬಿತ್ತುವುದೂ ನಿಂತಿತು, ಪೋಡುಗಳು ರಸ್ತೆ ಬದಿಗೆ ಬಂದವು. ಬೇಸಿಗೆಯ ಮೊದಲಲ್ಲಿ ಹಾಕುತ್ತಿದ್ದ ತರಗುಬೆಂಕಿ ಅಪರಾಧವಾಯಿತು. ಲಂಟಾನ ಆಳೆತ್ತರ ಬೆಳೆದದ್ದು, ನೆಲ್ಲಿಮರಗಳಿಗೆ ಉಪ್ಪಿಲು ಎಂಬ ಬಂದಳಿಕೆ ಹತ್ತಿದ್ದು ಆ ಬೆಂಕಿ ನಿಂತದ್ದರಿಂದಲೇ ಎಂದು ಅಪ್ಪ ಸಾಯುವವರೆಗೂ ವಾದಿಸಿದ. ಸಂಶೋಧಕರು ಈಗ ಆ ಮಾತನ್ನು ತಳ್ಳಿಹಾಕುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಬಂದ ತಿದ್ದುಪಡಿಯಿಂದಾಗಿ, ಮಾರಲೆಂದು ಜೇನು ಕೀಳುವುದೂ ಇಲ್ಲಿ ತಪ್ಪಾಯಿತು. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದರು. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರ ಕೊಟ್ಟರು. ಹುಲಿಗೆ ಹುಟ್ಟು ಬಿಟ್ಟು ಬದುಕಿದವರಿಗೆ, ಹುಲಿಯ ಜೊತೆ ಇರಬಹುದೆಂದು ಬರೆದ ಕಾಗದ! ಅಪ್ಪ ಆಗ ಇರಲಿಲ್ಲ. ಇದ್ದಿದ್ದರೂ ಅದನ್ನು ಮಡಿಚಿ ಎಲ್ಲೋ ಬೀಳಿಸಿಕೊಂಡು ಬರುತ್ತಿದ್ದ.

ಅವನ ಹೆಸರಿಗೆ ಕುಲದ ಕಲ್ಲುಗುಡಿಯಲ್ಲಿ ಒಂದು ಕಲ್ಲು ಸೇರಿಸಿದ್ದೇವೆ. ಹಬ್ಬದ ದಿನ ಅವ್ವ ಅಲ್ಲಿಗೆ ಹೋದರೆ ಮೊದಲು ಬೈಗುಳ, ಆಮೇಲೆ ಎಡೆ.

ಹೋದ ವರ್ಷ ನಮ್ಮ ಪೋಡಿನ ಜೋಡಿಯೊಂದು ಓಡಿಹೋಯಿತು. ಕಾಡಿಗಲ್ಲ, ಬಸ್ಸು ಹತ್ತಿ ಚಾಮರಾಜನಗರಕ್ಕೆ. ಹುಡುಗಿಗೆ ಹದಿನೆಂಟು ತುಂಬಿದೆಯೇ ಎಂದು ಯಜಮಾನ ಆಧಾರ್ ಕಾರ್ಡು ಕೇಳಿ ನೋಡಿ, ಆಮೇಲೆ ದಂಡ ಹಾಕಿದ. ಅವ್ವನಿಗೆ ಸಮಾಧಾನವಾಗಲಿಲ್ಲ. “ಲಾಡ್ಜಲ್ಲಿ ಇದ್ದು ಬಂದ್ರಂತಲ್ಲ, ಗೆಣಸು ಅಗಿಯಾಕ ಬತ್ತದಾ ಆ ಹೈದನ್ಗ?” ಎಂದು ಕೇಳಿದಳು.