ಟಿಪ್ಪು ಆಳಿದ ಹವಳದ ದ್ವೀಪಗಳು: ಅಂದು ಮತ್ತು ಇಂದು

ಸಮುದ್ರದಿಂದ ದೂರವಿರುವ ಮೈಸೂರಿನ ನಮಗೆ ಹವಳವೆಂದರೆ ಉಂಗುರದಲ್ಲಿ ಕೂರಿಸುವ ಕೆಂಪು ಹರಳು. ಕನ್ನಡದಲ್ಲಿ ಹವಳ, ಉರ್ದುವಿನಲ್ಲಿ ಮೂಂಗಾ, ಅರಬ್ಬಿಯಲ್ಲಿ ಮರ್ಜಾನ್ ಎಂದು ಕರೆಯುವ ಇದು ನಿಜವಾಗಿ ಕಲ್ಲಲ್ಲ. ಸಮುದ್ರದ ಪುಟ್ಟ ಜೀವಿಗಳು ಸುಣ್ಣದಿಂದ ಕಟ್ಟಿಕೊಂಡ ಮನೆ. ಇಂಥ ಮನೆಗಳು ಒಂದರ ಮೇಲೊಂದು ಬೆಳೆದು, ಅವುಗಳ ಮೇಲೆ ಊರುಗಳೇ ನಿಂತಿರುವ ನಾಡು ಲಕ್ಷದ್ವೀಪ. ಆ ನಾಡಿನ ಒಂದು ಭಾಗ ಹಿಂದೆ ನಮ್ಮ ಶ್ರೀರಂಗಪಟ್ಟಣದ ಆಳ್ವಿಕೆಗೆ ಸೇರಿತ್ತು ಎಂಬ ಸಂಗತಿ ನಮ್ಮ ಅನೇಕ ವಿದ್ಯಾರ್ಥಿಗಳಿಗೆ ತಿಳಿದಿಲ್ಲ.

ಮಂಗಳೂರಿನ ನಂಟು

ಅಮಿನಿ, ಕದಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರಾ ಈ ಐದು ದ್ವೀಪಗಳಿಗೆ ಅಮಿನದೀವಿ ಎಂದು ಹೆಸರು. ಇವು ಕಣ್ಣೂರಿನ ಅರಕ್ಕಲ್ ಮನೆತನದ ವಶದಲ್ಲಿದ್ದವು. ಅಲ್ಲಿನ ಆಡಳಿತದ ದಬ್ಬಾಳಿಕೆ ತಾಳಲಾರದೆ 1780ರ ದಶಕದಲ್ಲಿ ಅಮಿನಿಯ ಕೆಲವರು ಮಂಗಳೂರಿಗೆ ಬಂದು, ತಮ್ಮನ್ನು ಆಳಬೇಕೆಂದು ಟಿಪ್ಪು ಸುಲ್ತಾನರಲ್ಲಿ ಮೊರೆಯಿಟ್ಟರು. ಹೀಗೆ ಐದು ದ್ವೀಪಗಳು ಮೈಸೂರಿನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಅವು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದವು. ಆಡಳಿತ ಮಾತ್ರ ಮಂಗಳೂರಿನಿಂದಲೇ ನಡೆಯಿತು.

ದ್ವೀಪದ ಜನರು ‘ಓಡಂ’ ಎಂಬ ಹಾಯಿ ಹಡಗುಗಳಲ್ಲಿ ತೆಂಗಿನ ನಾರು, ಕಾಯಿಗಳನ್ನು ಮಂಗಳೂರಿನ ಬಂದರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು. ನಾರಿನ ವ್ಯಾಪಾರ ಸರ್ಕಾರದ ಏಕಸ್ವಾಮ್ಯವಾಗಿತ್ತು. 1956ರ ನವೆಂಬರ್ 1ರಂದು, ಅಂದರೆ ನಾವು ರಾಜ್ಯೋತ್ಸವ ಆಚರಿಸುವ ದಿನವೇ, ಈ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರೆಯಾಗಿ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ. ಆಳುವವರು ಹೀಗೆ ಬದಲಾಗುತ್ತ ಹೋದರು. ಕಾಲ ಕೆಳಗಿನ ನೆಲಕ್ಕೆ ಏನಾದರೂ ಆದೀತೆಂಬ ಯೋಚನೆ ಅಂದು ಯಾರಿಗೂ ಬಂದಿರಲಿಲ್ಲ.

ನೆಲವೇ ಹವಳ

ಇಂಥ ದ್ವೀಪಗಳು ಹುಟ್ಟುವ ಬಗೆಯನ್ನು 1842ರಲ್ಲಿ ಚಾರ್ಲ್ಸ್ ಡಾರ್ವಿನ್ ವಿವರಿಸಿದರು. ಬೆಟ್ಟವೊಂದು ನಿಧಾನವಾಗಿ ಸಮುದ್ರದಲ್ಲಿ ಮುಳುಗುತ್ತದೆ. ಅದರ ಅಂಚಿನ ಹವಳ ಬೆಳಕಿಗಾಗಿ ಮೇಲಕ್ಕೆ ಬೆಳೆಯುತ್ತಲೇ ಇರುತ್ತದೆ. ಕೊನೆಗೆ ಬೆಟ್ಟ ಮರೆಯಾಗಿ ಹವಳದ ಉಂಗುರ ಮಾತ್ರ ಉಳಿಯುತ್ತದೆ. ಲಕ್ಷದ್ವೀಪದ ಒಟ್ಟು ನೆಲ ಕೇವಲ 32 ಚದರ ಕಿಲೋಮೀಟರ್. ಎತ್ತರ ಸಮುದ್ರಮಟ್ಟದಿಂದ ಕೆಲವೇ ಮೀಟರ್. 2011ರ ಜನಗಣತಿಯಂತೆ ಅಲ್ಲಿ 64 ಸಾವಿರಕ್ಕೂ ಹೆಚ್ಚು ಜನರಿದ್ದರು. ಮಳೆಗಾಲದ ಅಲೆಗಳನ್ನು ತಡೆಯುವುದು ಹವಳದ ದಿಬ್ಬ. ಬಾವಿಗಳಿಗೆ ನೀರು ಕೊಡುವುದು ಮರಳಿನಡಿ, ಉಪ್ಪುನೀರಿನ ಮೇಲೆ ತೇಲುವ ಸಿಹಿನೀರಿನ ತೆಳು ಪದರ. ದಿಬ್ಬ ಸವೆದರೆ ದಡವೂ ಉಳಿಯದು, ಬಾವಿಯ ನೀರೂ ಉಳಿಯದು.

ಹವಳದ ಜೀವಿಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಹವಳಕ್ಕೆ ಬಣ್ಣವನ್ನೂ ಹೆಚ್ಚಿನ ಆಹಾರವನ್ನೂ ಕೊಡುವುದು ಅದೇ. ಬೇಸಿಗೆಯ ಗರಿಷ್ಠ ಉಷ್ಣತೆಗಿಂತ ಸಮುದ್ರ ಒಂದು ಡಿಗ್ರಿಯಷ್ಟು ಹೆಚ್ಚು ಕಾದು ಕೆಲವು ವಾರ ಹಾಗೆಯೇ ಇದ್ದರೆ, ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ಹವಳ ಕೂಡಲೇ ಸಾಯುವುದಿಲ್ಲ. ನೀರು ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಹವಳ ಬಿಳಿಚಿತು.

ಪುನಶ್ಚೇತನದ ದಾರಿ

ಹಾಳಾದ ಹವಳವನ್ನು ಮತ್ತೆ ಬೆಳೆಸಬಹುದೇ? ಸ್ವಲ್ಪಮಟ್ಟಿಗೆ ಬೆಳೆಸಬಹುದು. ಮನ್ನಾರ್ ಕೊಲ್ಲಿಯಲ್ಲಿ ತೂತುಕುಡಿಯ ಸುಗಂತಿ ದೇವದಾಸನ್ ಸಾಗರ ಸಂಶೋಧನಾ ಸಂಸ್ಥೆಯವರು 2002ರಿಂದ ಜೀವಂತ ಹವಳದ ತುಂಡುಗಳನ್ನು ಚೌಕಟ್ಟುಗಳಿಗೆ ಕಟ್ಟಿ, ಸಸಿ ನೆಟ್ಟಂತೆ ನೆಡುತ್ತ ಬಂದಿದ್ದಾರೆ. ಆದರೆ ಸಸಿಮಡಿಯೇ ಬೆಂದರೆ ಏನು ಗತಿ? 2023ರ ಬೇಸಿಗೆಯಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಸಮುದ್ರ ಎಷ್ಟು ಕಾದಿತೆಂದರೆ, ಅಲ್ಲಿ ಬೆಳೆಸುತ್ತಿದ್ದ ಸಾವಿರಾರು ಹವಳಗಳನ್ನು ಮೇಲೆತ್ತಿ ದಡದ ತೊಟ್ಟಿಗಳಿಗೆ ಸಾಗಿಸಬೇಕಾಯಿತು.

ಲಕ್ಷದ್ವೀಪದ ಅನುಭವ ಇನ್ನೊಂದು ಪಾಠ ಹೇಳುತ್ತದೆ. ಅದನ್ನು ದಾಖಲಿಸಿದವರು ನಮ್ಮ ಮೈಸೂರಿನಲ್ಲೇ ಕೇಂದ್ರವಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯವರು ಎಂಬುದು ಹೆಮ್ಮೆಯ ವಿಷಯ. ಡಾ. ರೋಹನ್ ಆರ್ಥರ್ ಮತ್ತು ಸಂಗಡಿಗರು 1998ರಿಂದ ಅಲ್ಲಿನ ಹವಳವನ್ನು ಅಭ್ಯಸಿಸುತ್ತಿದ್ದಾರೆ. 1998ರ ಹೊಡೆತದ ನಂತರ, ಯಾರೂ ನೆಡದೆಯೇ ಹಲವೆಡೆ ಹವಳ ಮತ್ತೆ ಚಿಗುರಿತು. ಇದಕ್ಕೆ ದ್ವೀಪದವರ ಮೀನುಗಾರಿಕೆಯ ಕ್ರಮವೂ ನೆರವಾಯಿತು. ಮಿನಿಕಾಯ್‌ನವರ ಗಾಳ-ಕೋಲಿನ ಟ್ಯೂನಾ ಬೇಟೆ 1960ರ ದಶಕದಲ್ಲಿ ಸರ್ಕಾರದ ಪ್ರೋತ್ಸಾಹದಿಂದ ಇತರ ದ್ವೀಪಗಳಿಗೂ ಹಬ್ಬಿತ್ತು. ಜನರು ಆಳಸಮುದ್ರದ ಟ್ಯೂನಾ ಹಿಡಿದಾಗ, ದಿಬ್ಬದ ಮೇಲಿನ ಪಾಚಿ ಮೇಯುವ ಗಿಳಿಮೀನುಗಳು ಉಳಿದುಕೊಂಡವು. ಪಾಚಿ ತೆರವಾದಲ್ಲಿ ಹವಳದ ಮರಿಗಳು ನೆಲೆಯೂರಿದವು.

ಆದರೆ ಆ ಶಕ್ತಿ ಈಗ ಕುಂದುತ್ತಿದೆ. ಅಗತ್ತಿ, ಕದಮತ್, ಕವರತ್ತಿಗಳಲ್ಲಿ 24 ವರ್ಷ ನಡೆಸಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. 1998ರಲ್ಲಿ ಶೇಕಡಾ 37ರಷ್ಟಿದ್ದ ಜೀವಂತ ಹವಳ 2022ರ ಹೊತ್ತಿಗೆ ಶೇಕಡಾ 20ಕ್ಕಿಂತ ಕಡಿಮೆಯಾಗಿತ್ತು. ಬಿಸಿಯ ಹೊಡೆತವಿಲ್ಲದೆ ಸುಮಾರು ಆರು ವರ್ಷ ಕಳೆದ ಮೇಲಷ್ಟೇ ಚೇತರಿಕೆ ವೇಗ ಪಡೆಯುತ್ತದೆ ಎಂದು ಅದು ತೋರಿಸಿತು. ಮೊದಲ ಎರಡು ಹೊಡೆತಗಳ ನಡುವೆ ಸಿಕ್ಕ ಬಿಡುವು 12 ವರ್ಷ. ನಂತರ 6, ಆಮೇಲೆ 8. ಬೇರು ಬಿಡುವ ಹೊತ್ತಿಗೇ ಮತ್ತೆ ಬಿಸಿ ತಟ್ಟುತ್ತಿದೆ. ಆದ್ದರಿಂದ ನೆಡುವ ಕೆಲಸಕ್ಕಿಂತ ಮುಖ್ಯವಾದದ್ದು ಹವಳಕ್ಕೆ ಕಾಲಾವಕಾಶ ಕೊಡುವುದು: ಕಲ್ಲಿದ್ದಲು, ಪೆಟ್ರೋಲುಗಳ ಹೊಗೆ ತಗ್ಗಿಸುವುದು, ದಿಬ್ಬದ ಮೀನುಗಳನ್ನು ಉಳಿಸುವುದು.

ಪ್ರಿಯ ವಿದ್ಯಾರ್ಥಿಗಳೇ, ಹವಳ ನಮ್ಮ ರಾಜ್ಯದಲ್ಲೂ ಇದೆ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಅದನ್ನು ಕಾಣಬಹುದು. ಪಿಯುಸಿ ಮುಗಿದೊಡನೆ ಇಂಜಿನಿಯರಿಂಗ್, ಮೆಡಿಕಲ್ ಎಂದಷ್ಟೇ ಯೋಚಿಸುವ ನಮ್ಮ ಮಕ್ಕಳು ಮಂಗಳೂರಿನ ಮೀನುಗಾರಿಕಾ ಕಾಲೇಜು, ಕಾರವಾರದ ಸಾಗರ ಜೀವಶಾಸ್ತ್ರ ವಿಭಾಗಗಳ ಕಡೆಗೂ ನೋಡಲಿ. ಒಂದು ಕಾಲದಲ್ಲಿ ಅಮಿನಿಯ ಜನ ರಕ್ಷಣೆ ಬೇಡಿ ಮೈಸೂರಿನ ದೊರೆಯ ಬಳಿಗೆ ಬಂದಿದ್ದರು. ಇಂದು ಅವರ ನೆಲವನ್ನು ಉಳಿಸಲು ಬೇಕಾಗಿರುವುದು ಓದಿದ ತಲೆಗಳು. ದಟ್ಟಗಳ್ಳಿಯ ಮನೆಗಳಿಂದಲೂ ಅಂಥ ಒಬ್ಬಿಬ್ಬರು ಹೊರಡಲಿ ಎಂಬುದು ನನ್ನ ಆಶಯ.