ಲಾಕರಿಗೊಂದು ನ್ಯಾಯ, ಮಾಹಿತಿಗೊಂದು ನ್ಯಾಯ? ಬ್ಯಾಂಕ್ ದತ್ತಾಂಶ ಸೋರಿಕೆ ಮತ್ತು ಗ್ರಾಹಕನ ಪರಿಹಾರದ ಹಕ್ಕು

ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ವಿವರ ಕಳ್ಳರ ಕೈಸೇರಿರಬಹುದೆಂಬ ಸುದ್ದಿ 2016ರ ಅಕ್ಟೋಬರಿನಲ್ಲಿ ಹೊರಬಿದ್ದಾಗ, ರಾಷ್ಟ್ರೀಯ ಪಾವತಿ ನಿಗಮ ಇನ್ನೊಂದು ಅಂಕಿಯನ್ನೂ ಪ್ರಕಟಿಸಿತು. ಹಣ ಹೋಗಿದೆಯೆಂದು ದೂರು ಕೊಟ್ಟವರು 19 ಬ್ಯಾಂಕುಗಳ 641 ಗ್ರಾಹಕರು, ಹೋದ ಮೊತ್ತ 1.3 ಕೋಟಿ ರೂಪಾಯಿ. ಈ ಅಂಕಿ ಜನರಿಗೆ ಧೈರ್ಯ ತುಂಬಲು ಹೇಳಿದ್ದು. ಕಾನೂನನ್ನು ಅಭ್ಯಾಸ ಮಾಡುವವರಿಗೆ ಸಮಸ್ಯೆ ಶುರುವಾಗುವುದು ಅಲ್ಲಿಂದಲೇ. ಆ 641 ಮಂದಿ ಯಾರ ಬಾಗಿಲು ತಟ್ಟಬೇಕೆಂದು ನಮ್ಮ ಕಾನೂನು ತಕ್ಕಮಟ್ಟಿಗೆ ಹೇಳುತ್ತದೆ. ಕಾರ್ಡಿನ ಗುಟ್ಟು ಹೋಯಿತು, ಹಣ ಹೋಗಲಿಲ್ಲ ಎಂಬ ಉಳಿದ ಲಕ್ಷಾಂತರ ಜನರ ವಿಷಯ ಬಂದಾಗ ಅದು ಬಾಯಿ ಬಿಡುವುದಿಲ್ಲ. ಮಾಹಿತಿಯ ಪಾಲನೆಯಲ್ಲಿ ಬ್ಯಾಂಕು ಎಡವಿದರೆ, ಹಣ ಹೋಗಿರಲಿ ಬಿಡಲಿ, ಆ ಎಡವಿಕೆಯೇ ಪರಿಹಾರಕ್ಕೆ ಆಧಾರವಾಗಬೇಕು ಎಂಬುದು ಈ ಲೇಖನದ ವಾದ. ಅದಕ್ಕಾಗಿ ಹೊಸ ಶಾಸನವನ್ನು ಕಾಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನೂ ಬ್ಯಾಂಕ್ ಲಾಕರ್ ಕುರಿತು ಸುಪ್ರೀಂ ಕೋರ್ಟು 2021ರಲ್ಲಿ ಕೊಟ್ಟ ತೀರ್ಪನ್ನೂ ಜೊತೆಗಿಟ್ಟು ಓದಿದರೆ ದಾರಿ ತೆರೆಯುತ್ತದೆ.

ಗ್ರಾಹಕನಿಗೆ ವಕೀಲರು ಮೊದಲು ತೋರಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 43ಎ. ಸೂಕ್ಷ್ಮ ಮಾಹಿತಿಯನ್ನು ಇಟ್ಟುಕೊಂಡ ಸಂಸ್ಥೆ ಸಮಂಜಸ ಭದ್ರತಾ ಕ್ರಮಗಳಲ್ಲಿ ನಿರ್ಲಕ್ಷ್ಯ ತೋರಿದರೆ ನಷ್ಟ ತುಂಬಿಕೊಡಬೇಕೆಂದು ಅದು ಹೇಳುತ್ತದೆ. ಬ್ಯಾಂಕ್ ಖಾತೆಯ ವಿವರ, ಪಾಸ್‌ವರ್ಡುಗಳು ಸೂಕ್ಷ್ಮ ಮಾಹಿತಿಯೆಂದು 2011ರ ನಿಯಮಗಳು ಸ್ಪಷ್ಟಪಡಿಸಿವೆ. ಆದರೆ ಈ ಕಲಂ ಒಳಗೆ ಎರಡು ಕೊಕ್ಕೆಗಳಿವೆ. ನಿರ್ಲಕ್ಷ್ಯದಿಂದ ಯಾರಿಗಾದರೂ ಅಕ್ರಮ ನಷ್ಟವೋ ಅಕ್ರಮ ಲಾಭವೋ ಆಗಿರಬೇಕು, ಎಂದರೆ 641ರ ಲೆಕ್ಕವೇ ಮತ್ತೆ. ಎರಡನೆಯ ಕೊಕ್ಕೆ ಕಣ್ಣಿಗೆ ಬೀಳುವುದು ಕಡಿಮೆ. ಯಾವ ಭದ್ರತೆ ‘ಸಮಂಜಸ’ ಎಂಬುದನ್ನು ಪಕ್ಷಗಾರರ ನಡುವಿನ ಒಪ್ಪಂದವೇ ನಿರ್ದಿಷ್ಟಪಡಿಸಬಹುದೆಂದು ಕಲಂನ ವಿವರಣೆ ಹೇಳುತ್ತದೆ. ಖಾತೆ ತೆರೆಯುವ ಅರ್ಜಿಯ ಸಣ್ಣ ಅಕ್ಷರಗಳನ್ನು ಓದದೆ ಸಹಿ ಹಾಕಿದವನು ತನ್ನ ರಕ್ಷಣೆಯ ಅಳತೆಗೋಲನ್ನು ಬ್ಯಾಂಕಿನ ಕೈಗೇ ಕೊಟ್ಟಂತಾಯಿತು. ವಿಚಾರಣೆಯ ಏರ್ಪಾಡು ಇನ್ನೂ ದುರ್ಬಲ. ಐದು ಕೋಟಿ ರೂಪಾಯಿವರೆಗಿನ ದೂರುಗಳನ್ನು ಕೇಳುವವರು ರಾಜ್ಯದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿ. ನೂರೆಂಟು ಕಡತಗಳ ನಡುವೆ ಇದೂ ಒಂದು. ಫಿಶಿಂಗ್ ಮೋಸಕ್ಕೆ ಸಿಕ್ಕ ಗ್ರಾಹಕನೊಬ್ಬನಿಗೆ 12.85 ಲಕ್ಷ ರೂಪಾಯಿ ಕೊಡಬೇಕೆಂದು ತಮಿಳುನಾಡಿನ ಅಧಿಕಾರಿ 2010ರಲ್ಲೇ ಖಾಸಗಿ ಬ್ಯಾಂಕೊಂದಕ್ಕೆ ಆದೇಶಿಸಿದ್ದುಂಟು. ಆ ಆರಂಭ ಮುಂದುವರಿಯಲಿಲ್ಲ. 2011ರ ಜೂನಿನಲ್ಲಿ ಸೈಬರ್ ಮೇಲ್ಮನವಿ ನ್ಯಾಯಾಧಿಕರಣದ ಅಧ್ಯಕ್ಷರು ನಿವೃತ್ತರಾದ ಮೇಲೆ ಆ ಪೀಠ ಖಾಲಿಯೇ ಉಳಿಯಿತು. 2017ರಲ್ಲಿ ಟೆಲಿಕಾಂ ನ್ಯಾಯಾಧಿಕರಣದೊಂದಿಗೆ ಸೇರಿಸಿ ಕೈತೊಳೆದುಕೊಂಡದ್ದಾಯಿತು. ಆರು ವರ್ಷ ಮೇಲ್ಮನವಿ ಕೇಳುವವರೇ ಇಲ್ಲದ ಹಕ್ಕನ್ನು ಹಕ್ಕು ಎನ್ನಲು ಮನಸ್ಸು ಒಪ್ಪದು.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಇದಕ್ಕಿಂತ ಗಟ್ಟಿ. ಬ್ಯಾಂಕಿನ ತಪ್ಪಿನಿಂದ ಅನಧಿಕೃತ ವಹಿವಾಟು ನಡೆದರೆ ಗ್ರಾಹಕನ ಹೊಣೆ ಸೊನ್ನೆ. ತಪ್ಪು ಇಬ್ಬರದೂ ಅಲ್ಲದೆ ವ್ಯವಸ್ಥೆಯ ಬೇರೆಲ್ಲೋ ಇದ್ದರೂ, ವಹಿವಾಟಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನ ಹೊಣೆ ಸೊನ್ನೆಯೇ. ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಮರಳಿ ಹಾಕಬೇಕು. ಗ್ರಾಹಕ ತಪ್ಪಿತಸ್ಥನೆಂದು ಸಾಬೀತುಪಡಿಸುವ ಹೊಣೆ ಬ್ಯಾಂಕಿನದು. ಇದರ ಬಲ ಕಾಣಿಸಿದ್ದು ಅಸ್ಸಾಮಿನ ಒಂದು ಪ್ರಕರಣದಲ್ಲಿ. ಗ್ರಾಹಕ ಬಟ್ಟೆ ಕೊಂಡಿದ್ದ ಜಾಲತಾಣದ ಮಾಹಿತಿ ಸೋರಿತು. ಅದನ್ನು ಹಿಡಿದ ವಂಚಕ ಅಂಗಡಿಯವನಂತೆ ಕರೆ ಮಾಡಿ, ಆ್ಯಪ್ ಒಂದನ್ನು ಇಳಿಸಿಕೊಳ್ಳುವಂತೆ ಮಾಡಿ, 94,204 ರೂಪಾಯಿ 80 ಪೈಸೆ ಎಗರಿಸಿದ. ಗ್ರಾಹಕ ದಿನದೊಳಗೆ ದೂರು ಕೊಟ್ಟ. ಗುವಾಹಟಿ ಹೈಕೋರ್ಟು ಭಾರತೀಯ ಸ್ಟೇಟ್ ಬ್ಯಾಂಕನ್ನೇ ಹೊಣೆ ಮಾಡಿತು. 2025ರ ಜನವರಿ 3ರಂದು ಸುಪ್ರೀಂ ಕೋರ್ಟು ಬ್ಯಾಂಕಿನ ಅರ್ಜಿಯನ್ನು ತಳ್ಳಿಹಾಕಿತು. ಸೋರಿದ್ದು ಬ್ಯಾಂಕಿನಿಂದಲ್ಲ, ಆದರೂ ಹೊಣೆ ತಪ್ಪಲಿಲ್ಲ. ಇಷ್ಟಿದ್ದೂ ಈ ಸುತ್ತೋಲೆಯ ಭಾಷೆಯೆಲ್ಲ ‘ವಹಿವಾಟಿ’ನದು. ವಹಿವಾಟು ನಡೆಯುವ ತನಕ, ಹೆಸರು, ಪ್ಯಾನ್, ಖಾತೆ ಸಂಖ್ಯೆಗಳೆಲ್ಲ ಬೀದಿಗೆ ಬಿದ್ದಿದ್ದರೂ, ಸುತ್ತೋಲೆಯ ಪಾಲಿಗೆ ಏನೂ ಆಗಿಲ್ಲ.

ಈ ಕೊರತೆಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತುಂಬಬೇಕಿತ್ತು. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ್ದರ ಫಲವಿದು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ದಂಡದ ವಿಷಯದಲ್ಲಿ ಕಾಯ್ದೆ ಕೈ ಬಿಗಿಹಿಡಿದಿಲ್ಲ: ಭದ್ರತೆಯಲ್ಲಿ ತಪ್ಪಿದರೆ 250 ಕೋಟಿ, ಸೋರಿಕೆಯನ್ನು ತಿಳಿಸದಿದ್ದರೆ 200 ಕೋಟಿ ರೂಪಾಯಿವರೆಗೆ. ಆದರೆ ಕಲಂ 34ರ ಪ್ರಕಾರ ಆ ಹಣವೆಲ್ಲ ಸೇರುವುದು ಭಾರತದ ಸಂಚಿತ ನಿಧಿಗೆ. ಮಾಹಿತಿ ಹೋದದ್ದು ಗ್ರಾಹಕನದು, ದಂಡ ಬಂದದ್ದು ಖಜಾನೆಗೆ. ಇದೇ ಕಾನೂನಿಗಾಗಿ ಶ್ರೀಕೃಷ್ಣ ಸಮಿತಿ ಸಿದ್ಧಪಡಿಸಿದ 2018ರ ಕರಡಿನಲ್ಲೂ 2019ರ ಮಸೂದೆಯಲ್ಲೂ ಬಾಧಿತನಿಗೆ ಪರಿಹಾರ ಕೇಳುವ ಹಕ್ಕು ಇತ್ತು. ಅಂತಿಮ ಕಾಯ್ದೆಯಲ್ಲಿ ಅದು ಮಾಯವಾಯಿತು. ಸಾಲದ್ದಕ್ಕೆ, ಇದ್ದ ಕಲಂ 43ಎಯನ್ನೂ ಈ ಕಾಯ್ದೆ ಕಿತ್ತುಹಾಕುತ್ತದೆ. 2025ರ ನವೆಂಬರಿನಲ್ಲಿ ನಿಯಮಗಳು ಹೊರಬಂದಾಗ ಮುಖ್ಯ ಕರ್ತವ್ಯಗಳ ಜಾರಿಗೆ ಹದಿನೆಂಟು ತಿಂಗಳ ಅವಧಿ ಇಡಲಾಯಿತು. ಆ ಗಡುವು ಮುಗಿಯುವಾಗಲೇ ಹಳೆಯ ಕಲಂನ ಆಯುಸ್ಸೂ ಮುಗಿಯುತ್ತದೆ.

ಈಗ ಲಾಕರಿನ ಕಡೆಗೆ ತಿರುಗೋಣ. ಕೋಲ್ಕತ್ತದ ಗ್ರಾಹಕರೊಬ್ಬರ ಲಾಕರನ್ನು ಯುನೈಟೆಡ್ ಬ್ಯಾಂಕ್ ಆಫ್ ಇಂಡಿಯಾ 1994ರ ಸೆಪ್ಟೆಂಬರಿನಲ್ಲಿ ಬಾಡಿಗೆ ಬಾಕಿಯೆಂದು ಒಡೆಸಿತು. ಬಾಡಿಗೆ ಅದಾಗಲೇ ಸಂದಿತ್ತು. ಒಡೆಯುವ ಮೊದಲು ಗ್ರಾಹಕರಿಗೆ ನೋಟಿಸು ಹೋಗಲಿಲ್ಲ. ಲಾಕರಿನಲ್ಲಿ ಏಳು ಆಭರಣಗಳಿದ್ದವು ಎಂದರು ಗ್ರಾಹಕರು, ಎರಡೇ ಇದ್ದವು ಎಂದಿತು ಬ್ಯಾಂಕು. 2021ರ ಫೆಬ್ರುವರಿ 19ರಂದು ಸುಪ್ರೀಂ ಕೋರ್ಟು ತೀರ್ಪಿತ್ತ ಬಗೆ ಗಮನಾರ್ಹ. ಒಳಗೆ ಏನಿತ್ತು, ಎಷ್ಟು ಹೋಯಿತು ಎಂಬ ಜಗಳವನ್ನು ಅದು ಸಿವಿಲ್ ನ್ಯಾಯಾಲಯಕ್ಕೆ ಬಿಟ್ಟಿತು. ಆದರೆ ಒಳಗಿನ ವಸ್ತುವೇನೆಂದು ಬ್ಯಾಂಕಿಗೆ ತಿಳಿದಿರಲಿ ಇಲ್ಲದಿರಲಿ, ಲಾಕರನ್ನು ಎಚ್ಚರದಿಂದ ಕಾಯುವ ಪ್ರತ್ಯೇಕ ಕರ್ತವ್ಯ ಅದಕ್ಕಿದೆ ಎಂದಿತು. ಆ ಕರ್ತವ್ಯ ತಪ್ಪಿದ್ದಕ್ಕೆಂದೇ ಐದು ಲಕ್ಷ ರೂಪಾಯಿ ಕೊಡಿಸಿತು. ನಷ್ಟದ ಲೆಕ್ಕ ಇತ್ಯರ್ಥವಾಗುವ ಮೊದಲೇ, ಅದರಿಂದ ಬೇರ್ಪಡಿಸಿ ಕೊಟ್ಟ ಪರಿಹಾರ ಇದು. ಮಾಹಿತಿ ಸೋರಿಕೆಯ ಚರ್ಚೆಯಲ್ಲಿ ಈ ತೀರ್ಪನ್ನು ಇನ್ನೂ ಮುಂದಕ್ಕೆ ತರಬೇಕೆಂದು ನನಗೆ ತೋರುತ್ತದೆ. ಲಾಕರಿನಲ್ಲಿ ಏನಿದೆಯೆಂದು ಬ್ಯಾಂಕಿಗೆ ಗೊತ್ತಿರುವುದಿಲ್ಲ. ಮಾಹಿತಿಯ ವಿಷಯದಲ್ಲಿ ಪ್ರತಿಯೊಂದು ಅಕ್ಷರವೂ ಅದಕ್ಕೆ ಗೊತ್ತು, ಕೆವೈಸಿ ಹೆಸರಿನಲ್ಲಿ ಕೇಳಿ ಪಡೆದದ್ದೂ ಅದೇ. ಗೊತ್ತಿಲ್ಲದ್ದನ್ನು ಕಾಯುವ ಹೊಣೆ ಇರುವಾಗ ಗೊತ್ತಿದ್ದು ತುಂಬಿಕೊಂಡದ್ದನ್ನು ಕಾಯುವ ಹೊಣೆ ಅದಕ್ಕಿಂತ ಹಗುರವಾಗುವುದು ಹೇಗೆ?

ಲಾಕರಿನ ಒಡವೆ ಗ್ರಾಹಕನ ಸ್ವತ್ತು, ದಾಖಲೆಯಾದರೋ ಬ್ಯಾಂಕಿನದೇ ಕಡತ, ಹೋಲಿಕೆ ನಿಲ್ಲದು ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಇದಕ್ಕೆ ಉತ್ತರ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೇ ಪಕ್ಷಗಾರನಾಗಿದ್ದ ಮೊಕದ್ದಮೆಯಲ್ಲಿದೆ. ಮುದ್ರಾಂಕ ಕಾನೂನಿನ ಹೆಸರಿನಲ್ಲಿ ಬ್ಯಾಂಕಿನಲ್ಲಿದ್ದ ದಾಖಲೆಗಳನ್ನು ಶೋಧಿಸುವ ಅಧಿಕಾರ ಆಂಧ್ರಪ್ರದೇಶದ ತಿದ್ದುಪಡಿಯಲ್ಲಿತ್ತು. ದಾಖಲೆ ಬ್ಯಾಂಕಿನ ಕೈಗೆ ಹೋದ ಮಾತ್ರಕ್ಕೆ ಗ್ರಾಹಕನ ಖಾಸಗಿತನ ಕಳೆದುಹೋಗದು, ಖಾಸಗಿತನ ಅಂಟಿಕೊಂಡಿರುವುದು ಜಾಗಕ್ಕಲ್ಲ, ವ್ಯಕ್ತಿಗೆ ಎಂದು ಸುಪ್ರೀಂ ಕೋರ್ಟು 2004ರಲ್ಲಿ ಆ ಅಧಿಕಾರವನ್ನು ರದ್ದುಮಾಡಿತು. ಗುಟ್ಟು ಕಾಪಾಡಬೇಕೆಂದು ಅಂದು ಸರ್ಕಾರದ ವಿರುದ್ಧ ವಾದಿಸಿ ಗೆದ್ದದ್ದು ಬ್ಯಾಂಕು. ಅದೇ ಮಾತನ್ನು ಗ್ರಾಹಕ ಇಂದು ಬ್ಯಾಂಕಿಗೆ ಹೇಳಿದರೆ ಇಲ್ಲವೆನ್ನುವುದು ಕಷ್ಟ.

ಈ ತತ್ವವನ್ನು ಹೊತ್ತು ಹೋಗಬಹುದಾದ ಜಾಗ ಗ್ರಾಹಕರ ಆಯೋಗ. 2019ರ ಕಾಯ್ದೆಯ ‘ನ್ಯೂನತೆ’ಯ ವ್ಯಾಖ್ಯೆಯಲ್ಲಿ ಸಂಬಂಧಪಟ್ಟ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಗ್ರಾಹಕನಿಂದ ಮುಚ್ಚಿಡುವುದೂ ಸೇರಿದೆ. 2016ರ ಆ ಕಾರ್ಡು ಸೋರಿಕೆಯಲ್ಲಿ ದುರುದ್ದೇಶದ ತಂತ್ರಾಂಶ ಎಟಿಎಂ ಸೇವಾ ಸಂಸ್ಥೆಯಾದ ಹಿಟಾಚಿ ಪೇಮೆಂಟ್ ಸರ್ವೀಸಸ್‌ನ ಜಾಲದಲ್ಲಿ ಕುಳಿತದ್ದು ಮೇ ಮತ್ತು ಜುಲೈ ನಡುವೆ. ಆ ಸಂಸ್ಥೆ ಅದನ್ನು ದೃಢಪಡಿಸಿದ್ದು ಮರುವರ್ಷದ ಫೆಬ್ರುವರಿಯಲ್ಲಿ. ಸೋರಿಕೆಯಾದರೆ ರಿಸರ್ವ್ ಬ್ಯಾಂಕಿಗೆ ಎರಡರಿಂದ ಆರು ಗಂಟೆಗಳಲ್ಲಿ ತಿಳಿಸಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಲು 2022ರ ಏಪ್ರಿಲ್ 28ರ ನಿರ್ದೇಶನ ಕೊಟ್ಟಿರುವುದು ಆರೇ ಗಂಟೆ. ಹೊಸ ದತ್ತಾಂಶ ನಿಯಮಗಳಲ್ಲೂ ದತ್ತಾಂಶ ಸಂರಕ್ಷಣಾ ಮಂಡಳಿಗೆ ವಿವರ ಕೊಡಲು 72 ಗಂಟೆಯ ಲೆಕ್ಕವಿದ್ದರೆ, ಬಾಧಿತರಿಗೆ ತಿಳಿಸಲು ‘ವಿಳಂಬವಿಲ್ಲದೆ’ ಎಂಬ ಮಾತಷ್ಟೇ ಇದೆ. ಆದರೆ ಪಿನ್ ಬದಲಿಸುವುದು, ಕಾರ್ಡ್ ಮುಚ್ಚಿಸುವುದು ಗ್ರಾಹಕನ ಕೈಯಲ್ಲಿದೆ. ಸುದ್ದಿ ತಿಳಿಯದವನು ಅದನ್ನು ಹೇಗೆ ಮಾಡಿಯಾನು? ನಿಯಂತ್ರಕರಿಗೆ ಆರು ಗಂಟೆಯಲ್ಲಿ ಹೇಳಲು ಸಾಧ್ಯವಾದದ್ದನ್ನು ಗ್ರಾಹಕನಿಗೆ ವಾರಗಟ್ಟಲೆ ಹೇಳದೆ ಉಳಿದರೆ ಅದು ಮರೆವು ಎನಿಸದು, ಮುಚ್ಚಿಡುವಿಕೆ ಎನಿಸಬೇಕು. ಪರಿಹಾರವೆಂಬ ಪದ ಮಾನಸಿಕ ಕಿರುಕುಳವನ್ನೂ ಒಳಗೊಳ್ಳುತ್ತದೆಂದು ಲಖನೌ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ 1993ರಲ್ಲೇ ತೀರ್ಮಾನವಾಗಿದೆ. ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಒಂದೇ ಹಿತಾಸಕ್ತಿಯ ಹಲವರ ಪರವಾಗಿ ಒಬ್ಬನೇ ದೂರು ನಡೆಸಲು ಕಲಂ 35 ಅನುಮತಿಸುತ್ತದೆ. ತಲಾ ಕೆಲವೇ ಸಾವಿರ ರೂಪಾಯಿ ಸಿಗಬಹುದಾದ ಸೋರಿಕೆ ಪ್ರಕರಣಗಳಲ್ಲಿ ಈ ಒಟ್ಟು ದೂರಿನ ಏರ್ಪಾಡಿಲ್ಲದೆ ಯಾವ ವಕೀಲನೂ ಕಡತ ತೆರೆಯಲಾರ. ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ದಾರಿಯೂ ಇದೆ, ಖರ್ಚಿಲ್ಲದ್ದು. 2021ರ ಯೋಜನೆಯಲ್ಲಿ ಕಿರುಕುಳ, ಮನೋವೇದನೆಗೆ ಒಂದು ಲಕ್ಷದವರೆಗೆ ಕೊಡಿಸುವ ಅವಕಾಶವಿತ್ತು. ಹೆಚ್ಚು ಸಾಕ್ಷ್ಯ ಬೇಡುವ ದೂರನ್ನು ಆ ಸಂಕ್ಷಿಪ್ತ ವಿಚಾರಣೆ ಹೊರಲಾರದು, ಅಷ್ಟೆ.

ಬ್ಯಾಂಕುಗಳ ಪ್ರಬಲ ವಾದವೆಂದರೆ ತಾವೂ ಅಪರಾಧಕ್ಕೆ ತುತ್ತಾದವರೇ ಎಂಬುದು. ಇದರಲ್ಲಿ ಹುರುಳಿದೆ, ಯಾವ ಬೀಗವೂ ಒಡೆಯಲಾಗದ್ದಲ್ಲ. ಬಲ್ಗೇರಿಯದ ತೆರಿಗೆ ಇಲಾಖೆಯಿಂದ 2019ರಲ್ಲಿ 60 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಕಳುವಾದಾಗ ಇದೇ ವಾದ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದ ಮುಂದೆ ಬಂತು. 2023ರ ಡಿಸೆಂಬರ್ 14ರ ತೀರ್ಪು ನ್ಯಾಯದ ತಕ್ಕಡಿಯನ್ನು ಜಾಣತನದಿಂದ ಹಿಡಿಯಿತು. ಕಳವಾಯಿತೆಂಬ ಒಂದೇ ಕಾರಣಕ್ಕೆ ಭದ್ರತೆ ಸರಿಯಿರಲಿಲ್ಲ ಎನ್ನಲಾಗದು. ಸರಿಯಿತ್ತೆಂದು ತೋರಿಸುವ ಹೊಣೆ ಮಾತ್ರ ಮಾಹಿತಿ ಇಟ್ಟುಕೊಂಡವರದು. ದುರ್ಬಳಕೆಯಾದೀತೆಂಬ ಭಯವೂ ಪರಿಹಾರಕ್ಕೆ ಅರ್ಹವಾದ ಹಾನಿಯಾಗಬಲ್ಲದು. ಎಲ್ಲರೂ ಹೀಗೆ ಒಪ್ಪಿಲ್ಲ. ಮಾಹಿತಿಯ ಮೇಲಿನ ಹಿಡಿತ ತಪ್ಪಿದ್ದೊಂದೇ ಅಲ್ಲಿನ ಹಳೆಯ ದತ್ತಾಂಶ ಕಾನೂನಿನಡಿ ಪರಿಹಾರಕ್ಕೆ ಸಾಲದೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟು 2021ರಲ್ಲಿ ಗೂಗಲ್ ವಿರುದ್ಧದ ದಾವೆಯಲ್ಲಿ ಹೇಳಿತು. ಆದರೆ ಅಲ್ಲಿ ಪ್ರಶ್ನೆ ಇದ್ದದ್ದು ಒಂದು ನಿರ್ದಿಷ್ಟ ಶಾಸನದ ಪದಗಳ ಬಗ್ಗೆ. ಇಲ್ಲಿನ ‘ನ್ಯೂನತೆ’ ಅದಕ್ಕಿಂತ ವಿಶಾಲವಾದ ಪದ.

ದತ್ತಾಂಶ ಕಾಯ್ದೆಯ ಕಲಂ 39 ಸಿವಿಲ್ ನ್ಯಾಯಾಲಯಗಳ ಬಾಗಿಲು ಮುಚ್ಚುವುದರಿಂದ ಗ್ರಾಹಕರ ಆಯೋಗಕ್ಕೂ ಅಧಿಕಾರ ಉಳಿಯದು ಎಂಬುದು ಇನ್ನೊಂದು ತಕರಾರು. ಆ ಕಲಂ ತಡೆಯುವುದು ಮಂಡಳಿಗೆ ಅಧಿಕಾರವಿರುವ ವಿಷಯಗಳನ್ನು. ಪರಿಹಾರ ಕೊಡಿಸುವ ಅಧಿಕಾರ ಮಂಡಳಿಗೇ ಇಲ್ಲ. ತಾನು ಇತರ ಕಾನೂನುಗಳಿಗೆ ಹೆಚ್ಚುವರಿ ಎಂದು ಅದೇ ಕಾಯ್ದೆಯ ಕಲಂ 38 ಹೇಳುತ್ತದೆ, ಗ್ರಾಹಕ ಕಾಯ್ದೆಯ ಕಲಂ 100ರ ಮಾತೂ ಅದೇ. ಟೆಲಿಗ್ರಾಫ್ ಕಾಯ್ದೆಯ ಪಂಚಾಯಿತಿ ಏರ್ಪಾಡು ಗ್ರಾಹಕ ವೇದಿಕೆಯನ್ನು ಹೊರಗಿಡದೆಂದು ವೊಡಾಫೋನ್ ಐಡಿಯಾ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ್ದು ಈ ಓದಿಗೆ ಬೆಂಬಲ. ಇನ್ನು 32 ಲಕ್ಷ ಜನರಿಗೆ ಪರಿಹಾರ ಕೊಟ್ಟರೆ ಬ್ಯಾಂಕುಗಳೇ ಮುಳುಗುತ್ತವೆ ಎಂಬ ಭೀತಿಗೆ ಉತ್ತರವೂ ಲಾಕರಿನಲ್ಲೇ ಇದೆ. ಆ ತೀರ್ಪಿನ ಬೆನ್ನಿಗೆ ರಿಸರ್ವ್ ಬ್ಯಾಂಕು ರೂಪಿಸಿದ ನಿಯಮಗಳು ಕಳ್ಳತನ, ಬೆಂಕಿ, ಸಿಬ್ಬಂದಿಯ ವಂಚನೆಗಳಲ್ಲಿ ಬ್ಯಾಂಕಿನ ಹೊಣೆಯನ್ನು ವಾರ್ಷಿಕ ಬಾಡಿಗೆಯ ನೂರುಪಟ್ಟಿಗೆ ನಿಗದಿಪಡಿಸಿದವು. ಒಳಗಿನ ವಸ್ತುವಿನ ಬೆಲೆ ಕಟ್ಟಲಾಗದಿದ್ದರೂ ಹೊಣೆಗೆ ಬೆಲೆ ಕಟ್ಟಬಹುದೆಂದು ಅಲ್ಲಿ ಒಪ್ಪಿಯಾಗಿದೆ. ಸೋರಿದ ಮಾಹಿತಿಯ ಬಗೆಗನುಸಾರ ತಲಾ ನಿಗದಿತ ಮೊತ್ತ ಗೊತ್ತುಪಡಿಸುವುದು ಇದರ ಮುಂದಿನ ಹೆಜ್ಜೆಯಷ್ಟೆ.

ಉಳಿಯುವುದು ಕಾಲಮಿತಿಯ ತೊಡಕು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಎನ್ನುತ್ತದೆ ಕಲಂ 69. ಸಾಕಷ್ಟು ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರ ಆಯೋಗಕ್ಕಿದೆ. ಸೋರಿಕೆಯಲ್ಲಿ ಕಾರಣ ಹುಟ್ಟುವುದು ಮಾಹಿತಿ ಹೋದ ದಿನವೋ, ಗ್ರಾಹಕನಿಗೆ ತಿಳಿದ ದಿನವೋ? ಕೋಲ್ಕತ್ತದ ಆ ಬೀಗ ಒಡೆದದ್ದು 1994ರ ಸೆಪ್ಟೆಂಬರಿನಲ್ಲಿ. ಗ್ರಾಹಕರಿಗೆ ತಿಳಿದದ್ದು, ಮರುವರ್ಷದ ಮೇ ತಿಂಗಳಲ್ಲಿ ಅವರಾಗಿಯೇ ಬ್ಯಾಂಕಿಗೆ ಹೋದಾಗ.