ಹಚ್ಚೆ ಅಳಿಸುವ ಬೆಳಕು

ಸೇನೆಗೆ ಸೇರಲು ಹೊರಟಿದ್ದ ನಮ್ಮೂರಿನ ಹುಡುಗನೊಬ್ಬ ತೋಳಿನ ಮೇಲಿನ ಹಚ್ಚೆ ಅಳಿಸಲು ಸುಣ್ಣ ಮತ್ತು ವಾಷಿಂಗ್ ಸೋಡಾ ಕಲಸಿ ಹಚ್ಚಿಕೊಂಡಿದ್ದ. ಮುಂಗೈಯ ಒಳಭಾಗ, ಅಂಗೈಯ ಹಿಂಭಾಗ ಬಿಟ್ಟು ಬೇರೆ ಕಡೆ ಹಚ್ಚೆ ಇದ್ದರೆ ಸಾಮಾನ್ಯವಾಗಿ ಸೇನಾ ಭರ್ತಿಯಲ್ಲಿ ತೆಗೆದುಕೊಳ್ಳುವುದಿಲ್ಲ. ಚರ್ಮ ಸುಟ್ಟು ಗಾಯವಾಯಿತು. ಗಾಯ ಮಾಗಿದ ಮೇಲೂ ಹೆಸರು ಓದುವಂತೆಯೇ ಉಳಿಯಿತು.

ಆಮೇಲೆ ಓದುತ್ತಿದ್ದಾಗ ಹೆಚ್ಚುಕಡಿಮೆ ಅದೇ ಮದ್ದು ಆರನೇ ಶತಮಾನದ ಗ್ರಂಥವೊಂದರಲ್ಲಿ ಕಂಡು ಬೆರಗಾದೆ. ಈಗಿನ ಟರ್ಕಿಯಲ್ಲಿರುವ ಅಮಿಡಾ ಊರಿನ ಗ್ರೀಕ್ ವೈದ್ಯ ಏಟಿಯಸ್, ಸೈನಿಕರ ಕೈಮೇಲಿನ ಹಚ್ಚೆಯ ವಿಷಯ ಹೇಳಿ, ಅದನ್ನು ತೆಗೆಯಲು ಸುಣ್ಣ, ಜಿಪ್ಸಂ, ಸೋಡಾಗಳ ಲೇಪವನ್ನು ಸೂಚಿಸುತ್ತಾನೆ. ಸುಮಾರು ಸಾವಿರದ ನಾನೂರು ವರ್ಷ ಹಚ್ಚೆ ತೆಗೆಯುವುದೆಂದರೆ ಚರ್ಮವನ್ನೇ ಸುಡುವುದು, ಕೆರೆಯುವುದು, ಇಲ್ಲವೇ ಕೊಯ್ಯುವುದು ಎಂದಾಗಿತ್ತು.

ಇಷ್ಟು ನೋವು ತಿಂದು ಅಳಿಸಿಕೊಳ್ಳಬೇಕೆಂದವರು ಯಾರು? ಹಲವರು ಇಷ್ಟಪಟ್ಟು ಹಚ್ಚೆ ಹಾಕಿಸಿಕೊಂಡವರಲ್ಲ. ನಮ್ಮ ದೇಶದಲ್ಲೇ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ 1797ರ ಕಾಯ್ದೆಯ ಮೂಲಕ ಬಂಗಾಳದಲ್ಲಿ ಜೀವಾವಧಿ ಕೈದಿಗಳ ಹಣೆಗೆ ಅಪರಾಧದ ವಿವರವನ್ನು ಹಚ್ಚೆಯಾಗಿ ಬರೆಸಿತು. ಅದಕ್ಕೆ 'ಗೋದ್ನಾ' ಎಂದು ಹೆಸರು. 1849ರಲ್ಲಿ ಈ ಪದ್ಧತಿ ನಿಂತರೂ ಹಣೆಯ ಮೇಲಿನ ಅಕ್ಷರ ನಿಲ್ಲಲಿಲ್ಲ. ಕೈದಿಗಳು ಪೇಟವನ್ನು ಹುಬ್ಬಿನವರೆಗೆ ಎಳೆದು, ಕೂದಲು ಇಳಿಬಿಟ್ಟು ಅದನ್ನು ಮುಚ್ಚಿಕೊಳ್ಳುತ್ತಿದ್ದರು. ಕಾನೂನು ಹೋದರೂ ಗುರುತು ಹೋಗದವರಿಗೆ ಅಂದು ಯಾವ ಮದ್ದೂ ಇರಲಿಲ್ಲ.

1960ರ ಮೇ ತಿಂಗಳಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದ. ಅದೇ ದಶಕದಲ್ಲಿ ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಅದನ್ನು ಹಚ್ಚೆಯ ಮೇಲೆ ಪ್ರಯೋಗಿಸಿದ. ಆದರೂ ಮುಂದಿನ ವರ್ಷಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದ ಆರ್ಗಾನ್, ಕಾರ್ಬನ್ ಡೈ ಆಕ್ಸೈಡ್ ಲೇಸರ್‌ಗಳು ಬಣ್ಣದ ಜೊತೆ ಚರ್ಮವನ್ನೂ ಸುಟ್ಟು ಕಲೆ ಉಳಿಸುತ್ತಿದ್ದವು. ಉಪಕರಣ ಹೊಸದು, ದಾರಿ ಮಾತ್ರ ಏಟಿಯಸ್‌ನ ಸುಣ್ಣದ್ದೇ.

ದಾರಿ ಬದಲಾದದ್ದು 1983ರಲ್ಲಿ. ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ತತ್ವ ಮಂಡಿಸಿದರು. ಅದನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಮಧ್ಯಾಹ್ನದ ಬಿಸಿಲಲ್ಲಿ ದೇವಸ್ಥಾನದ ಕಪ್ಪು ಕಲ್ಲು ಕಾಲು ಸುಡುತ್ತದೆ, ಸುಣ್ಣ ಬಳಿದ ಪಟ್ಟಿ ಅಷ್ಟು ಸುಡುವುದಿಲ್ಲ. ಬಿಸಿಲು ಒಂದೇ, ಹೀರುವುದರಲ್ಲಿ ವ್ಯತ್ಯಾಸ. ಹಾಗೆಯೇ ಹಚ್ಚೆಯ ಬಣ್ಣ ಹೆಚ್ಚು ಹೀರುವ ಬೆಳಕನ್ನು ಆರಿಸಿ, ಶಾಖ ಸುತ್ತಲಿನ ಚರ್ಮಕ್ಕೆ ಹರಡುವ ಮೊದಲೇ ನಿಲ್ಲಿಸಬೇಕು. ಈಗಿನ ಲೇಸರ್‌ಗಳ ಒಂದು ಮಿಂಚು ಕೆಲವೇ ನ್ಯಾನೋಸೆಕೆಂಡ್ ಇರುತ್ತದೆ. ಒಂದು ಸೆಕೆಂಡನ್ನು 100 ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಸೆಕೆಂಡ್. ಅಷ್ಟರಲ್ಲಿ ಬಣ್ಣದ ಕಣ ಒಡೆಯುತ್ತದೆ. ಚೂರುಗಳನ್ನು ಸಾಗಿಸುವ ಕೆಲಸ ದೇಹದ ಜೀವಕೋಶಗಳದ್ದು. ಅದಕ್ಕೆ ಸಮಯ ಬೇಕು. ಹಾಗಾಗಿಯೇ ಎರಡು ಸರದಿಗಳ ನಡುವೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಬಿಡುತ್ತಾರೆ, ಒಂದೇ ಸಲಕ್ಕೆ ಹಚ್ಚೆ ಪೂರ್ತಿ ಹೋಗುವುದು ಅಪರೂಪ.

ನಮ್ಮಂಥ ಕಂದು, ಕಪ್ಪು ಮೈಬಣ್ಣದವರಿಗೆ ಇದರಲ್ಲಿ ಇನ್ನೊಂದು ತೊಡಕಿತ್ತು. ಚರ್ಮದ ಸಹಜ ಬಣ್ಣವಾದ ಮೆಲನಿನ್ ಕೂಡ ಬೆಳಕು ಹೀರುತ್ತದೆ. ಮಾಣಿಕ್ಯ ಲೇಸರ್‌ನ 694 ನ್ಯಾನೋಮೀಟರ್ ಬೆಳಕಿನಲ್ಲಿ ಹಚ್ಚೆಯ ಜೊತೆ ಮೈಬಣ್ಣವೂ ಹೋಗಿ ಬಿಳಿ ಮಚ್ಚೆ ಉಳಿಯುವ ಅಪಾಯ ಹೆಚ್ಚು. 1064 ನ್ಯಾನೋಮೀಟರಿನ ಎನ್‌ಡಿ ಯಾಗ್ ಲೇಸರನ್ನು ಮೆಲನಿನ್ ಕಡಿಮೆ ಹೀರುತ್ತದೆ, ಕಪ್ಪು ಶಾಯಿ ಚೆನ್ನಾಗಿ ಹೀರುತ್ತದೆ. ನಮಗೆ ಅದು ಹೆಚ್ಚು ಸುರಕ್ಷಿತ. ಹಸಿರು, ಹಳದಿ ಬಣ್ಣಗಳು ಹೋಗುವುದು ಕಷ್ಟ. ಬಿಳಿ ಅಥವಾ ಚರ್ಮದ ಬಣ್ಣದ ಶಾಯಿ ಲೇಸರ್ ತಾಗಿ ಕಪ್ಪಾಗಿಬಿಡುವುದೂ ಉಂಟು. ಚರ್ಮವೈದ್ಯರು ಮೊದಲು ಸಣ್ಣ ಜಾಗದಲ್ಲಿ ಪರೀಕ್ಷಿಸಿ, ಕಣ್ಣಿಗೆ ರಕ್ಷಣೆ ಕೊಟ್ಟು ಮುಂದುವರಿಯುವುದು ಇದಕ್ಕೇ. ಯಂತ್ರವೊಂದಿದ್ದರೆ ಸಾಲದು, ಯಾವ ಬೆಳಕು ಎಂದು ಬಲ್ಲವರ ಕೈಯಲ್ಲಿರಬೇಕು.

ನಮ್ಮಜ್ಜಿಯ ಕೈಯಲ್ಲೂ ಹಚ್ಚೆಯಿತ್ತು. ಕೊರವರ ಹೆಂಗಸೊಬ್ಬಳು ಸೂಜಿಯಲ್ಲಿ ಚುಚ್ಚಿದ್ದು. ಸತ್ತಾಗ ಒಡವೆ ವಸ್ತ್ರ ಇಲ್ಲೇ ಉಳಿಯುತ್ತವೆ, ಹಚ್ಚೆಯೊಂದೇ ಜೊತೆಗೆ ಬರುವುದು ಎನ್ನುತ್ತಿದ್ದಳು. ಅಳಿಸುತ್ತೇವೆಂದರೆ ಆಕೆ ಖಂಡಿತ ಬೈಯುತ್ತಿದ್ದಳು. ಆ ಕೈದಿಗಳ ಹಣೆಬರಹ ಹಾಗಲ್ಲ, ಅದನ್ನು ಅವರು ಬೇಡಿ ಬರೆಸಿಕೊಂಡಿರಲಿಲ್ಲ. ಉಳಿಸಿಕೊಳ್ಳಬೇಕೋ ಅಳಿಸಬೇಕೋ ಎಂದು ಹೇಳಬೇಕಾದವರು ಆ ಮೈಯವರೇ. ಹಾಗೆ ಅಳಿಸಬೇಕೆಂದವರು ಇನ್ನು ಮುಂದೆ ನಮ್ಮೂರ ಹುಡುಗನಂತೆ ಚರ್ಮ ಸುಟ್ಟುಕೊಳ್ಳಬೇಕಿಲ್ಲ.